ತಂದೆಯ ಹೆಸರಿನ ಸಾಲು

ಜನವರಿ ೮

ಪ್ರೀತಿಯ ತಂಗಿಗೆ,

ನಿನ್ನ ಹಿಂದಿನ ಪತ್ರಕ್ಕೆ ದಿನಾಂಕವಿರಲಿಲ್ಲ. ಅಂಚೆಯ ಮುದ್ರೆಯೂ ಮಸುಕಾಗಿದ್ದುದರಿಂದ ಅದನ್ನು ಯಾವ ತಿಂಗಳ ಕಟ್ಟಿನಲ್ಲಿ ಇಡಬೇಕೆಂಬುದು ಇನ್ನೂ ತೀರ್ಮಾನವಾಗದೆ, ಮೇಜಿನ ಮೇಲೆ ಅನಾಥವಾಗಿ ಬಿದ್ದಿದೆ. ಮೂವತ್ತಾರು ವರ್ಷ ಮಕ್ಕಳಿಗೆ ಪತ್ರಲೇಖನ ಕಲಿಸಿದವಳ ತಂಗಿ ಹೀಗೆ ಬರೆಯಬಾರದು.

ಈಗ ನಿನ್ನಿಂದ ಒಂದು ಕೆಲಸವಾಗಬೇಕು. ಈ ಲಕೋಟೆಯಲ್ಲಿ ಎರಡು ಹತ್ತಿಕಡ್ಡಿಗಳಿವೆ. ಅವುಗಳನ್ನು ನಿಮ್ಮ ನಾಯಿ ಚುಕ್ಕಾಣಿಯ ಕೆನ್ನೆಯ ಒಳಬದಿಗೆ ಅರ್ಧ ನಿಮಿಷ ಉಜ್ಜಿ, ನೆರಳಿನಲ್ಲಿ ಒಣಗಿಸಿ, ಜೊತೆಗಿರುವ ಕಾಗದದ ಚೀಲದಲ್ಲಿಟ್ಟು ನನಗೆ ಕಳುಹಿಸು. ನಾಯಿಗಳ ತಂದೆತಾಯಿ ಯಾರೆಂಬುದನ್ನು ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸುವ ಪ್ರಯೋಗಾಲಯವೊಂದಿದೆ. ನಮ್ಮ ತಳಿಸಂಘವು ತನ್ನ ವಂಶಾವಳಿ ಪುಸ್ತಕದ ನಮೂದುಗಳನ್ನು ಮತ್ತೊಮ್ಮೆ ತಾಳೆ ನೋಡಲು ನಿರ್ಧರಿಸಿದೆ. ನಿವೃತ್ತಳಾದ ದಿನದಿಂದ ಆ ಪುಸ್ತಕವನ್ನು ಬರೆಯುತ್ತಿರುವವಳು ನಾನೇ. ಅದರಲ್ಲಿ ಹೊಡೆದುಹಾಕಿದ ಸಾಲು ಒಂದೂ ಇಲ್ಲ. ಚುಕ್ಕಾಣಿಯ ತಾಯಿ ನನ್ನ ಕಸ್ತೂರಿ, ತಂದೆ ನನ್ನ ದಳವಾಯಿ. ಪರೀಕ್ಷೆಯೂ ಅದನ್ನೇ ಹೇಳಲಿದೆ. ಬರಿಯ ಔಪಚಾರಿಕತೆ.

ಸಂದರ್ಭ ಬಂದದ್ದರಿಂದ ಕೇಳುತ್ತೇನೆ. ನಿನ್ನ ಮನೆಯವರನ್ನು ಕರೆದುಕೊಂಡು ಹೋಗುವಾಗ ಚುಕ್ಕಾಣಿ ಮೊದಲಿನ ವೇಗದಲ್ಲಿಯೇ ನಡೆಯುತ್ತಾನೆಯೇ? ಸಂಜೆಯ ಹೊತ್ತು ಮೆಟ್ಟಿಲಿಳಿಯುವಾಗ ತಡೆಯುತ್ತಾನೆಯೇ? ದಾರಿ ತೋರುವ ನಾಯಿಗೆ ನಾಲ್ಕು ತುಂಬುತ್ತಿದೆಯೆಂದರೆ ಅದರ ನಡಿಗೆಯ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ಉತ್ತರವನ್ನು ಬರೆದೇ ಕಳುಹಿಸು, ಫೋನು ಬೇಡ. ಕಣ್ಣಿಲ್ಲದಿದ್ದರೂ ಪಿಂಗಾಣಿ ತಟ್ಟೆಯೊಳಗಿನ ಕೂದಲೆಳೆಯಷ್ಟು ಬಿರುಕನ್ನು ಕೇಳಿಸಿಕೊಳ್ಳುವ ಮನುಷ್ಯ ಪಕ್ಕದ ಕೋಣೆಯಲ್ಲಿರುವಾಗ ನೀನು ಪಿಸುಗುಟ್ಟಿ ಪ್ರಯೋಜನವಿಲ್ಲ.

ನಿನ್ನ ಅಕ್ಕ


ಜನವರಿ ೧೯

ಅಕ್ಕನಿಗೆ,

ದಿನಾಂಕವನ್ನು ಮೇಲೆ ಹಾಕಿದ್ದೇನೆ, ನೋಡಿಕೊ.

ಲಕೋಟೆ ತಲುಪಿತು. ಕಡ್ಡಿಗಳು ಅಂಚೆಯಲ್ಲಿ ಬಾಗಿಹೋಗಿವೆ. ಬಳಸಬಹುದೋ ಬಾರದೋ ತಿಳಿಯದೆ ಕಪಾಟಿನಲ್ಲಿಟ್ಟಿದ್ದೇನೆ. ಅವಸರವೇನೂ ಇಲ್ಲವಲ್ಲ? ಬರಿಯ ಔಪಚಾರಿಕತೆಯೆಂದು ನೀನೇ ಬರೆದಿದ್ದೀಯೆ. ಆದರೆ ಬರಿಯ ಔಪಚಾರಿಕತೆಯನ್ನು ಇವರ ಕಿವಿಯಿಂದ ಏಕೆ ಮುಚ್ಚಿಡಬೇಕು ಎಂಬುದು ಮಾತ್ರ ನನಗೆ ಅರ್ಥವಾಗಲಿಲ್ಲ.

ಪರೀಕ್ಷೆಯಲ್ಲಿ ತಂದೆ ಬೇರೆಯೆಂದು ಬಂದರೆ ಏನಾಗುತ್ತದೆ? ತರಬೇತಿ ಶಾಲೆಯವರು ಚುಕ್ಕಾಣಿಯನ್ನು ಒಪ್ಪಿಸಿದ ದಿನ ನಮ್ಮಿಂದ ಸಹಿ ಮಾಡಿಸಿಕೊಂಡ ಕಾಗದವನ್ನು ಮೊನ್ನೆ ಹುಡುಕಿ ಓದಿದೆ. 'ದಾಖಲೆಯಲ್ಲಾಗಲಿ ನಾಯಿಯ ಸಾಮರ್ಥ್ಯದಲ್ಲಾಗಲಿ ದೋಷ ಕಂಡುಬಂದಲ್ಲಿ ಸೇವೆಯಿಂದ ಹಿಂಪಡೆಯಲಾಗುವುದು' ಎಂಬ ಸಾಲು ಅದರಲ್ಲಿದೆ. ಆ ಸಾಲು ನಿನಗೆ ಗೊತ್ತೇ?

ನೀನು ಕೇಳಿದ ಪ್ರಶ್ನೆಗಳಿಗೆ ಉತ್ತರ: ಎಲ್ಲ ಸರಿಯಾಗಿದೆ. ಬೆಳಿಗ್ಗೆ ಏಳೂವರೆಗೆ ಇವರು ಎದೆಪಟ್ಟಿಯ ಹಿಡಿಯನ್ನು ಎಡಗೈಯಲ್ಲಿ ಹಿಡಿದರೆಂದರೆ ಚುಕ್ಕಾಣಿ ಮನೆಯ ಮುಂದಿನ ನಲವತ್ತೆರಡು ಮೆಟ್ಟಿಲುಗಳನ್ನು ಇಳಿಸಿ, ಸೇತುವೆ ದಾಟಿಸಿ, ರೈಲ್ವೆ ಗೇಟಿನಲ್ಲಿ ನಿಲ್ಲಿಸಿ, ಕಾರ್ಖಾನೆಯ ಬಾಗಿಲಿಗೆ ಮುಟ್ಟಿಸುತ್ತಾನೆ. ದಿನವಿಡೀ ಇವರು ಮರದ ಕೋಲಿನಿಂದ ತಟ್ಟೆಗಳನ್ನು ತಟ್ಟಿ, ಸದ್ದು ಕೇಳಿ ಬೇರ್ಪಡಿಸುವಾಗ ಬೆಂಚಿನ ಕೆಳಗೆ ಮಲಗಿರುತ್ತಾನೆ. ಸಂಜೆ ಅದೇ ದಾರಿಯಲ್ಲಿ ಕರೆತರುತ್ತಾನೆ. ಮೆಟ್ಟಿಲು, ವೇಗ, ಎಲ್ಲವೂ ಸರಿ.

ಹೊಸ ಸುದ್ದಿಯೇನೂ ಇಲ್ಲ. ಬಾಗಿಲ ಬಳಿಯ ಹೂಕುಂಡ ಮೊನ್ನೆ ಗಾಳಿಗೆ ಉರುಳಿ ಒಡೆಯಿತು. "ಅದು ಮೊದ್ಲೇ ಬಿರುಕು ಬಿಟ್ಟಿತ್ತು ಕಣೆ, ನಾನು ಹೇಳಿರ್ಲಿಲ್ವಾ?" ಎಂದು ಇವರು ನಕ್ಕರು.

ತಂಗಿ


ಜನವರಿ ೨೭

ಪ್ರೀತಿಯ ತಂಗಿಗೆ,

ಹೂಕುಂಡ ಒಡೆದದ್ದು ಯಾವ ಹೊತ್ತಿನಲ್ಲಿ? ಬೆಳಕಿತ್ತೇ, ಕತ್ತಲಾಗಿತ್ತೇ? ಮಣ್ಣು ತುಂಬಿದ ಕುಂಡವನ್ನು ಉರುಳಿಸುವಂಥ ಗಾಳಿ ನಿಮ್ಮಲ್ಲಿ ಎಂದು ಬೀಸಿತು? 'ಎಲ್ಲ ಸರಿ' ಎಂಬುದು ಉತ್ತರವಲ್ಲ. ತರಗತಿಯಲ್ಲಿ ಓದಿಕೊಂಡು ಬಾರದ ಮಕ್ಕಳು ಹಾಗೆ ಹೇಳುತ್ತಿದ್ದರು.

ಗಟ್ಟಿ ರಟ್ಟಿನ ನಡುವೆ ಬೇರೆ ಕಡ್ಡಿಗಳನ್ನಿಟ್ಟಿದ್ದೇನೆ. ತಿಂದು ಒಂದು ಗಂಟೆಯಾದರೂ ಕಳೆದಿರಬೇಕು; ಬೇರೆ ನಾಯಿ ಬಾಯಿಟ್ಟ ಬಟ್ಟಲಿನಿಂದ ಚುಕ್ಕಾಣಿ ನೀರು ಕುಡಿದಿರಬಾರದು. ಒಂದರ ಎಂಜಲು ಇನ್ನೊಂದಕ್ಕೆ ಸೋಕಿದರೆ ಫಲಿತಾಂಶ ಕೆಡುತ್ತದೆ.

ತರಬೇತಿ ಶಾಲೆಯ ಕಾಗದದ ಆ ಸಾಲು ನನಗೆ ಗೊತ್ತು. ಅದಕ್ಕೂ ನನ್ನ ಕೋರಿಕೆಗೂ ಸಂಬಂಧ ಕಲ್ಪಿಸಬೇಡ. ಕಸ್ತೂರಿ ಆ ಸಲ ಹೆತ್ತ ಐದು ಮರಿಗಳಲ್ಲಿ ನಾಲ್ಕರ ಕಡ್ಡಿಗಳು ಆಗಲೇ ನನ್ನ ಕೈಸೇರಿವೆ. ತಡವಾಗಿರುವುದು ನಿನ್ನಿಂದ ಮಾತ್ರ. ನಿನ್ನದು ಬಂದ ಮೇಲೆಯೇ ಎಲ್ಲವನ್ನೂ ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ.

ದಳವಾಯಿಗೆ ವಯಸ್ಸಾಗುತ್ತಿದೆ. ಈಗ ಅಂಗಳಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ಅದರಲ್ಲಿ ವಿಶೇಷವೇನಿಲ್ಲ.

ನಿನ್ನ ಅಕ್ಕ


ಫೆಬ್ರವರಿ ೬

ಅಕ್ಕನಿಗೆ,

ಕಡ್ಡಿಗಳು ಇದರೊಳಗಿವೆ. ಬೆಳಗಿನ ಊಟಕ್ಕೆ ಮುಂಚೆ ತೆಗೆದದ್ದು. ಬಾಯಿ ತೆರೆಯಲು ಸ್ವಲ್ಪ ಹಟ ಮಾಡಿದ. ಇನ್ನು ನಿನಗೆ ಸಮಾಧಾನವಾಗಲಿ.

ಆದರೆ ನಿನ್ನ ಪುಸ್ತಕದ ಸಾಲು ನೆಟ್ಟಗಿದೆಯೇ ಎಂದು ನೋಡುವುದಕ್ಕೆ ಹೊರಟವಳು ಇದನ್ನೊಮ್ಮೆ ಓದಿಕೊ. ಇವರ ಮೊದಲ ನಾಯಿಯ ಸೊಂಟದಲ್ಲಿ ದೋಷವಿದೆಯೆಂದು ಶಾಲೆಯವರು ಒಂದು ಮಂಗಳವಾರ ಬಂದು ಕರೆದುಕೊಂಡು ಹೋದರು. ಮರುದಿನ ಇವರು ಕುರ್ಚಿಯೊಂದನ್ನು ಗೋಡೆಯ ಪಕ್ಕಕ್ಕೆ ಎಳೆದು ಕುಳಿತರು. ಎಂಟು ತಿಂಗಳು. ನಾನು ಕೈಹಿಡಿದು ಕರೆದೊಯ್ಯುತ್ತೇನೆಂದರೆ, "ನೀನು ಹೆಂಡ್ತಿ ಕಣೆ, ಕೈಗಾಡಿ ಅಲ್ಲ" ಎಂದರು. ಬಿಳಿ ಕೋಲು ಕೊಟ್ಟರೆ ಬಾಗಿಲ ಹಿಂದೆ ಒರಗಿಸಿಟ್ಟರು. ಕಾರ್ಖಾನೆಯವರು ಕೆಲಸವನ್ನು ಉಳಿಸಿಕೊಟ್ಟದ್ದು ನಮ್ಮ ಭಾಗ್ಯ. ಆ ಕುರ್ಚಿಯ ಬೆನ್ನು ಗೋಡೆಗೆ ಉಜ್ಜಿದ ಗುರುತು ಇನ್ನೂ ಇದೆ. ನಾನು ಬಣ್ಣ ಹೊಡೆಸಿಲ್ಲ.

ನೀನು ಚುಕ್ಕಾಣಿಯನ್ನು ಮರಿಯಾಗಿದ್ದಾಗಲೇ ಆ ಶಾಲೆಗೆ ದಾನ ಕೊಟ್ಟೆ, ತರಬೇತಾದ ಮೇಲೆ ನಮಗೇ ಸಿಗುವಂತೆ ಮಾಡಿದೆ. ಆ ಉಪಕಾರವನ್ನು ನಾನು ಮರೆತಿಲ್ಲ. ಮರಳಿ ಕಿತ್ತುಕೊಳ್ಳುವ ಹಕ್ಕು ಅದರೊಂದಿಗೆ ಬರುವುದಿಲ್ಲವೆಂಬುದನ್ನು ನೀನೂ ಮರೆಯಬೇಡ.

ಕುಂಡ ಒಡೆದ ಹೊತ್ತು ನೆನಪಿಲ್ಲ.

ತಂಗಿ


ಫೆಬ್ರವರಿ ೨೬

ನನ್ನ ಮುದ್ದು ತಂಗಿಗೆ,

ಇಂದು ಬೆಳಿಗ್ಗೆ ಪ್ರಯೋಗಾಲಯದ ಉತ್ತರ ಬಂದಿತು. ಓದಿದವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದೆ. ಚುಕ್ಕಾಣಿ ದಳವಾಯಿಯ ಮಗನಲ್ಲ. ಅಷ್ಟೇ ಅಲ್ಲ, ಕಸ್ತೂರಿಯ ಮಗನೂ ಅಲ್ಲ!

ನಾಯಿಯ ಮೈಯಲ್ಲಿರುವ ಪ್ರತಿ ಗುರುತಿಗೂ ಎರಡು ಪಾಲು; ಒಂದು ತಾಯಿಯದು, ಒಂದು ತಂದೆಯದು. ತಾಯಿಯ ಪಾಲೇ ಕಾಣದಿದ್ದರೆ ಅವಳು ತಾಯಿಯಲ್ಲ. ನೋಡಿದ ಹದಿನೆಂಟು ಗುರುತುಗಳಲ್ಲಿ ಏಳರಲ್ಲಿ ಕಸ್ತೂರಿಯ ಪಾಲಿಲ್ಲ. ನಂಬದೆ ಪ್ರಯೋಗಾಲಯಕ್ಕೆ ಫೋನು ಮಾಡಿದೆ. ಅಲ್ಲಿಯ ಹೆಣ್ಣುಮಗಳು, "ಮೇಡಂ, ಒಂದು ಎರಡು ತಪ್ಪಬಹುದು, ಏಳು ತಪ್ಪಲ್ಲ. ಇದು ನಿಮ್ಮ ಮನೆ ನಾಯಿನೇ ಅಲ್ಲ" ಎಂದಳು. ಸಂಶಯವಿಲ್ಲ, ತರಬೇತಿ ಶಾಲೆಯಲ್ಲಿ ಮರಿಗಳು ಅದಲುಬದಲಾಗಿವೆ. ನಿಮ್ಮ ಮನೆಗೆ ಬಂದದ್ದು ಬೇರೆ ಯಾರದೋ ಮಗ. ನನ್ನ ಮನೆಯ ನಾಯಿಯಲ್ಲವೆಂದು ತಿಳಿದು ನಾನು ಇಷ್ಟು ಸಂತೋಷಪಡುವ ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಈಗ ಹೇಳಬಹುದು. ಸಂಘವು ಯಾವ ತಾಳೆಯನ್ನೂ ನೋಡಹೊರಟಿರಲಿಲ್ಲ. ಅದು ನಾನು ಹೇಳಿದ ಸುಳ್ಳು. ದಳವಾಯಿಗೆ ಕಣ್ಣು ಹೋಗಿದೆ. ಹೋದ ವರ್ಷ ಕತ್ತಲಲ್ಲಿ ಬಾಗಿಲಿಗೆ ಹಾಯತೊಡಗಿದ. ಈಗ ಹಗಲಲ್ಲಿಯೂ ನೀರಿನ ಬಟ್ಟಲನ್ನು ಮೂಗಿನಿಂದ ಹುಡುಕುತ್ತಾನೆ. ವಯಸ್ಸೆಂದುಕೊಂಡೆ. ನವೆಂಬರಿನಲ್ಲಿ ಅವನ ಬೇರೆ ಮರಿಗಳ ಯಜಮಾನರಿಂದ ಒಂದಾದ ಮೇಲೊಂದು ಮೂರು ಪತ್ರಗಳು ಬಂದವು. ಎಲ್ಲರದೂ ಒಂದೇ ವರದಿ: ನಾಲ್ಕು ವರ್ಷ ತುಂಬುವ ಹೊತ್ತಿಗೆ ಮೊದಲು ಇರುಳುಗುರುಡು, ಆಮೇಲೆ ಪೂರ್ತಿ ಕುರುಡು. ಪಶುವೈದ್ಯರು ಹೇಳುವಂತೆ ಇದು ರಕ್ತದಲ್ಲಿ ಬರುವ ರೋಗ, ತಂದೆಯಿಂದ ಸುಮಾರು ಅರ್ಧದಷ್ಟು ಮಕ್ಕಳಿಗೆ ಇಳಿಯುತ್ತದೆ, ಕೆಲವಕ್ಕೆ ಬೇಗ, ಕೆಲವಕ್ಕೆ ತಡವಾಗಿ ಕಾಣಿಸುತ್ತದೆ, ಔಷಧವಿಲ್ಲ. ರೋಗವನ್ನೇ ಮೊದಲೇ ಹಿಡಿಯುವ ಪರೀಕ್ಷೆ ಈ ತಳಿಗೆ ಇನ್ನೂ ಬಂದಿಲ್ಲ. ತಂದೆ ಯಾರೆಂದು ತಿಳಿಯಬಹುದು, ಅಷ್ಟೇ.

ಮೂರು ತಿಂಗಳು ನಾನು ಆ ರೈಲ್ವೆ ಗೇಟನ್ನು ಬಿಟ್ಟು ಬೇರೇನನ್ನೂ ಯೋಚಿಸಿಲ್ಲ. ಕಣ್ಣು ಮಂಜಾದ ನಾಯಿ, ಅದನ್ನು ನಂಬಿದ ಕಣ್ಣಿಲ್ಲದ ಮನುಷ್ಯ. ನಿನ್ನನ್ನು ಹೆದರಿಸಬಾರದೆಂದು ಬರೆಯಲಿಲ್ಲ. ಈಗ ಆ ಭಯ ತೀರಿತು. ನಿನ್ನ ಮನೆಯವರು ನಿಶ್ಚಿಂತೆಯಿಂದ ನಡೆಯಲಿ.

ನಿನ್ನ ಅಕ್ಕ


ಮಾರ್ಚ್ ೩

ಅಕ್ಕ,

ಅದು ಚುಕ್ಕಾಣಿಯ ಎಂಜಲಲ್ಲ.

ಕಾರ್ಖಾನೆಯ ಮ್ಯಾನೇಜರರ ಮನೆಯಲ್ಲಿ ಇದೇ ತಳಿಯ ನಾಯಿಯಿದೆ. ಗೋಡೆಗೆ ಪ್ರಮಾಣಪತ್ರ ತೂಗುಹಾಕಿದ್ದಾರೆ. ನಾನು ಅದರ ಬಾಯಿಗೆ ಕಡ್ಡಿ ಹಾಕಿದೆ. ಶುದ್ಧ ತಳಿಯ ನಾಯಿಯಾದರೆ ಸಾಕು, ಪರೀಕ್ಷೆಯಲ್ಲಿ ಎಲ್ಲ ಹೊಂದುತ್ತದೆ ಎಂದುಕೊಂಡೆ. ತಾಯಿಯನ್ನೂ ಹೀಗೆ ಒಂದೊಂದು ಗುರುತಿನಲ್ಲಿ ತಾಳೆ ನೋಡುತ್ತಾರೆಂದು ನನಗೆ ತಿಳಿಯಲಿಲ್ಲ. ನಿನ್ನೆ ಬಂದ ನಿನ್ನ ಪತ್ರವನ್ನು ಇಂದು ಬೆಳಿಗ್ಗೆ ಇವರು ಕೆಲಸಕ್ಕೆ ಹೊರಟ ಮೇಲೆ ಅಡುಗೆಮನೆಯಲ್ಲಿ ನಿಂತು ಓದಿದೆ. 'ನಿಶ್ಚಿಂತೆಯಿಂದ ನಡೆಯಲಿ' ಎಂಬ ಸಾಲಿಗೆ ಬಂದಾಗ ಇವರು ಆಗಲೇ ಗೇಟಿನ ಹತ್ತಿರ ಇರಬೇಕಾದ ಹೊತ್ತು. ಓಡಿದೆ. ಗೇಟು ದಾಟಿಯಾಗಿತ್ತು, ಆ ಕಡೆ ಇಬ್ಬರ ಬೆನ್ನೂ ಕಂಡಿತು. ಅಲ್ಲಿಯೇ ಕಂಬ ಹಿಡಿದು ನಿಂತೆ.

ಕುಂಡ ಒಡೆದದ್ದು ಸಂಜೆ ಆರೂಕಾಲಿಗೆ. ಗಾಳಿಯಿರಲಿಲ್ಲ. ಚುಕ್ಕಾಣಿ ಹಾಯ್ದ. ಡಿಸೆಂಬರಿನಲ್ಲಿ ಸೇತುವೆಯ ಹತ್ತಿರ ನಿಲ್ಲಿಸಿದ್ದ ಸೈಕಲ್ಲಿಗೆ ಹಾಯ್ದಿದ್ದ. ಜನವರಿಯಲ್ಲಿ ಎರಡು ಸಲ ಮೆಟ್ಟಿಲ ತುದಿಯಲ್ಲಿ ನಿಂತುಬಿಟ್ಟ, ನಾನು ದೀಪ ಹಾಕಿದ ಮೇಲೆ ಇಳಿದ. ಅಂದಿನಿಂದ ಮೆಟ್ಟಿಲಿಗೆ ದೊಡ್ಡ ದೀಪ ಹಾಕಿಸಿದ್ದೇನೆ. ಇವರಿಗೆ ಹೇಳಿಲ್ಲ. ನಿನಗೂ ಹೇಳಲಿಲ್ಲ, ಹೇಳಿದರೆ ನಾಯಿ ಹೋಗುತ್ತದೆಂದು.

ಇನ್ನೊಂದಿದೆ. ನಾಲ್ಕು ವರ್ಷದ ಹಿಂದೆ ನಿನ್ನ ಮನೆಗೆ ಬಂದಿದ್ದೆನಲ್ಲ, ಕಸ್ತೂರಿ ಬೆದೆಗೆ ಬಂದಿದ್ದ ವಾರ. ಹಿತ್ತಲಿನ ಗೇಟನ್ನು ತೆರೆದಿಟ್ಟು ಮರೆತವಳು ನಾನು. ಬಟ್ಟೆ ಒಣಗಿಸಲು ಹೋದಾಗ ಅವಳು ಆಚೆಯಿದ್ದಳು, ಮರದ ಮಿಲ್ಲಿನ ನಾಯಿಯ ಜೊತೆ. ನಿನ್ನ ಬೈಗುಳಕ್ಕೆ ಹೆದರಿ ಸದ್ದಿಲ್ಲದೆ ಒಳಗೆ ಕರೆತಂದೆ. ಆದ್ದರಿಂದಲೇ ಪರೀಕ್ಷೆಯೆಂದರೆ ಹೆದರಿದೆ. ನಿನ್ನ ಪುಸ್ತಕದಲ್ಲಿ ತಪ್ಪು ಸಿಗುತ್ತದೆ, ಚುಕ್ಕಾಣಿಯನ್ನು ಕರೆಸಿಕೊಳ್ಳುತ್ತಾರೆ ಎಂದು.

ಈಗ ನಾನೇನು ಮಾಡಲಿ? ಬೇಗ ಹೇಳು.


ಮಾರ್ಚ್ ೮

ತಂಗಿ,

ಗದರಿಸುವಷ್ಟು ಪುರಸೊತ್ತಿಲ್ಲ. ಅದಕ್ಕೆ ಯೋಗ್ಯತೆಯೂ ನನಗಿಲ್ಲ.

ಆ ದಿನ ಕಸ್ತೂರಿಯ ಬೆನ್ನ ಮೇಲೆ ಮರದ ಹೊಟ್ಟು ಅಂಟಿತ್ತು. ಕಂಡೆ. ನನ್ನ ಕೈಯಾರೆ ಬ್ರಷ್ಷಿನಿಂದ ಉದುರಿಸಿದೆ. ದಳವಾಯಿಯ ಜೊತೆ ಬಿಟ್ಟು ಎರಡೇ ದಿನವಾಗಿತ್ತು. ಮರಿಗಳು ಹುಟ್ಟಿದಾಗ ತಂದೆಯ ಹೆಸರಿನ ಸಾಲಿನ ಮುಂದೆ ಲೇಖನಿ ಹಿಡಿದು ಕಾಲು ಗಂಟೆ ಕುಳಿತೆ. 'ಖಚಿತವಿಲ್ಲ' ಎಂದು ಬರೆಯಬೇಕಾಗಿತ್ತು. ಐದಕ್ಕೂ ದಳವಾಯಿಯೆಂದು ಬರೆದೆ. ಆ ಹೊಟ್ಟನ್ನು ನನ್ನ ಪುಸ್ತಕಕ್ಕೆ ತಾಕಿಸಲು ಮನಸ್ಸು ಬರಲಿಲ್ಲ. ನೀನು ಗೇಟನ್ನು ಮುಚ್ಚಿಟ್ಟೆ, ನಾನು ಹೊಟ್ಟನ್ನು. ಇಬ್ಬರೂ ನಾಲ್ಕು ವರ್ಷ ಒಬ್ಬರಿಗೊಬ್ಬರು ಕ್ಷೇಮ ಸಮಾಚಾರ ಬರೆದುಕೊಂಡೆವು.

ಆದರೆ ನೋಡು, ಈಗ ನಮಗೆ ಉಳಿದಿರುವ ಆಸೆಯೆಲ್ಲ ನಿನ್ನ ಆ ತೆರೆದ ಗೇಟಿನಲ್ಲಿಯೇ ಇದೆ. ನಾಯಿಗೆ ಒಂದೇ ಬಸಿರಿನಲ್ಲಿ ಇಬ್ಬರು ತಂದೆಯರ ಮಕ್ಕಳು ಹುಟ್ಟಬಹುದು. ಉಳಿದ ನಾಲ್ಕರಲ್ಲಿ ಎರಡು ದಳವಾಯಿಯ ಮಕ್ಕಳಲ್ಲವೆಂದು ಮೊದಲ ವರದಿಯಲ್ಲಿಯೇ ಇತ್ತು, ನಿನಗೆ ಬರೆದಿರಲಿಲ್ಲ. ಚುಕ್ಕಾಣಿ ಮರದ ಮಿಲ್ಲಿನವನ ಮಗನಾಗಿದ್ದರೆ ಈ ರೋಗ ಅವನದಲ್ಲ. ಹಾಯುತ್ತಿರುವುದು ಬೇರೆ ಯಾವುದೋ ಕಾರಣಕ್ಕೆ, ಪೊರೆಯೋ ಗಾಯವೋ, ಔಷಧವಿರುವ ಯಾವುದೋ. ಮೂವತ್ತಾರು ವರ್ಷ ತಪ್ಪುಗಳ ಕೆಳಗೆ ಕೆಂಪುಗೆರೆ ಎಳೆದವಳು ಈಗ ನಾನು ಬರೆದದ್ದು ತಪ್ಪಾಗಿರಲೆಂದು ಹಾರೈಸುತ್ತ ಕುಳಿತಿದ್ದೇನೆ.

ನಿನ್ನ ಪತ್ರ ಬಂದ ದಿನವೇ ಮರದ ಮಿಲ್ಲಿಗೆ ಹೋದೆ. ಅಲ್ಲಿಯ ನಾಯಿಯನ್ನು ಅವರು ಕರೆಯುವುದೂ ಹೊಟ್ಟು ಎಂದೇ. ಬಣ್ಣವೂ ಹಾಗೆಯೇ ಇದೆ. ಮಿಲ್ಲಿನ ಯಜಮಾನ ನನ್ನ ಹಳೆಯ ವಿದ್ಯಾರ್ಥಿ, ಈಗ ಅವನಿಗೇ ತಲೆ ನರೆತಿದೆ. "ಏನ್ ಟೀಚರ್, ನಮ್ ಹೊಟ್ಟೂಗೂ ಪರೀಕ್ಷೆನಾ? ನಾನಂತೂ ಪಾಸಾಗ್ಲಿಲ್ಲ, ಅವನಾದ್ರೂ ಆಗ್ತಾನಾ?" ಎಂದು ಕೇಳಿದ. "ಪಾಸಾದರೆ ನಿನಗಿಂತ ಹೆಚ್ಚು ಸಂತೋಷ ನನಗೆ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಹೊಟ್ಟು ಮಾತ್ರ ಜಾಣ ಹುಡುಗನಂತೆ ಬಾಯಿ ತೆರೆದ. ಗರಗಸದ ಸದ್ದಿನ ನಡುವೆ ಅವನ ಕಣ್ಣುಗಳನ್ನು ನೋಡಿದೆ. ಎಂಟು ವರ್ಷದವನು, ಕಣ್ಣುಗಳು ಗಾಜಿನಂತೆ ಸ್ವಚ್ಛವಾಗಿವೆ.

ಇದರೊಳಗೆ ಮತ್ತೆರಡು ಕಡ್ಡಿಗಳಿವೆ. ಈ ಸಲ ಚುಕ್ಕಾಣಿಯದನ್ನೇ ತೆಗೆದು ಕಳುಹಿಸು. ಉತ್ತರ ಬರುವವರೆಗೆ ನಿನ್ನ ಮನೆಯವರು ಆ ಗೇಟನ್ನು ಒಂಟಿಯಾಗಿ ದಾಟಬಾರದು. ಏನು ನೆಪ ಹೇಳುತ್ತೀಯೋ ಹೇಳು.

ಅಕ್ಕ


ಮಾರ್ಚ್ ೧೫

ಅಕ್ಕನಿಗೆ,

ಕಡ್ಡಿಗಳು ಇದರೊಳಗಿವೆ. ಚುಕ್ಕಾಣಿಯದೇ. ಆಣೆ ಹಾಕುವ ವಯಸ್ಸಲ್ಲ, ಆದರೂ ಹಾಕುತ್ತೇನೆ.

ನೆಪ ಹೇಳಲು ಬಾಯಿ ಬರಲಿಲ್ಲ. ಜೊತೆಗೆ ಬರುತ್ತೇನೆಂದರೆ ಏಕೆಂದು ಕೇಳುತ್ತಾರೆ. ನನ್ನ ಸುಳ್ಳು ಬಿರುಕುಬಿಟ್ಟ ತಟ್ಟೆಯಂತೆ ಇವರಿಗೆ ಕೇಳಿಸಿಬಿಡುತ್ತದೆ. ಆದ್ದರಿಂದ ಎರಡೂ ಹೊತ್ತು ಹತ್ತು ಹೆಜ್ಜೆ ಹಿಂದೆ ನಡೆಯುತ್ತೇನೆ. ಮೆತ್ತನೆಯ ಚಪ್ಪಲಿ ಹಾಕಿಕೊಂಡು, ಬಳೆ ತೆಗೆದಿಟ್ಟು. ಬೆಳಿಗ್ಗೆ ಚುಕ್ಕಾಣಿ ಚೆನ್ನಾಗಿಯೇ ನಡೆಯುತ್ತಾನೆ, ಯಾವ ಅನುಮಾನವೂ ಬರುವುದಿಲ್ಲ. ಸಂಜೆ ತಿರುಗಿ ನನ್ನನ್ನು ನೋಡುತ್ತಾನೆ. ನಿಜವಾಗಿ ನೋಡುತ್ತಾನೋ, ವಾಸನೆ ಹಿಡಿಯುತ್ತಾನೋ ತಿಳಿಯದು. ಒಂದು ವಿಚಿತ್ರವೆಂದರೆ ಈ ತಿಂಗಳು ಇವರು ಕಾರ್ಖಾನೆಯಿಂದ ಬೇಗ ಹೊರಡುತ್ತಿದ್ದಾರೆ, ಐದಕ್ಕೆಲ್ಲ. ಕೆಲಸ ಕಡಿಮೆಯಂತೆ. ನನಗೆ ಅದೇ ಒಳಿತಾಯಿತು.

ಇವತ್ತು ಗೇಟಿನಲ್ಲಿ ಗಂಟೆ ಬಾರಿಸುತ್ತಿದ್ದಾಗ ಒಬ್ಬರು ಇವರ ಭುಜಕ್ಕೆ ತಾಗಿ ಮುಂದೆ ಓಡಿದರು. ಚುಕ್ಕಾಣಿ ಒಂದು ಹೆಜ್ಜೆ ಮುಂದಿಟ್ಟ. ಒಂದೇ ಹೆಜ್ಜೆ, ಮತ್ತೆ ನಿಂತ. ನಾನು ಕೂಗಲಿಲ್ಲ, ಅಕ್ಕ. ಕೂಗಬೇಕಾದಾಗಲೂ ಕೂಗಲಾರದಷ್ಟು ಸುಮ್ಮನಿರುವುದನ್ನು ನಾನು ಕಲಿತುಬಿಟ್ಟಿದ್ದೇನೆ.

ಉತ್ತರ ಬಂದೊಡನೆ ಬರೆ. ಅಷ್ಟರವರೆಗೆ ನಾನು ಹೊಟ್ಟುವಿನ ಕಣ್ಣುಗಳನ್ನು ನೆನೆಯುತ್ತಿರುತ್ತೇನೆ.

ತಂಗಿ


ಏಪ್ರಿಲ್ ೨

ಪ್ರೀತಿಯ ತಂಗಿಗೆ,

ಐದರಲ್ಲಿ ಇಬ್ಬರು ಹೊಟ್ಟುವಿನ ಮಕ್ಕಳು. ಮೂವರು ದಳವಾಯಿಯ ಮಕ್ಕಳು. ಚುಕ್ಕಾಣಿ ಮೂವರಲ್ಲೊಬ್ಬ.

ಹದಿನೆಂಟಕ್ಕೆ ಹದಿನೆಂಟು ಗುರುತುಗಳೂ ಕೂಡಿಬಂದಿವೆ. ತಾಯಿ ಕಸ್ತೂರಿ, ತಂದೆ ದಳವಾಯಿ. ಅವನ ಮಕ್ಕಳಲ್ಲಿ ಅರ್ಧದಷ್ಟಕ್ಕೆ ರೋಗ ಬರುವುದಿಲ್ಲವೆಂದು ಬರೆದು ನಿನ್ನನ್ನು ಸಮಾಧಾನಪಡಿಸಬಹುದಿತ್ತು. ಆದರೆ ನೀನು ಬರೆದ ಕುಂಡ, ಸೈಕಲ್ಲು, ಮೆಟ್ಟಿಲುಗಳ ಪಟ್ಟಿಯನ್ನು ಪಶುವೈದ್ಯರಿಗೆ ಓದಿಹೇಳಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮಧ್ಯದಲ್ಲಿಯೇ "ಗೊತ್ತಾಯ್ತಮ್ಮ" ಎಂದರು. ಹಗಲಿನ ದೃಷ್ಟಿ ಆರು ತಿಂಗಳೋ ಒಂದು ವರ್ಷವೋ ಉಳಿಯಬಹುದಂತೆ.

ನಾನು ಬರೆದದ್ದು ಸರಿಯಾಗಿತ್ತು. ನನ್ನ ಪುಸ್ತಕದ ಇಷ್ಟು ಸಾಲುಗಳಲ್ಲಿ ಆ ಒಂದು ಸಾಲು ತಪ್ಪಾಗಿದ್ದರೆ ಸಾಕಿತ್ತು.

ಇನ್ನು ಮುಚ್ಚಿಡುವುದು ಸಾಧ್ಯವಿಲ್ಲ. ಅವರಿಗೆ ಹೇಳು. ನನ್ನ ಹೆಸರು ಹಿಡಿದೇ ಹೇಳು.

ಅಕ್ಕ


ಏಪ್ರಿಲ್ ೯

ಅಕ್ಕನಿಗೆ,

ಹೇಳಿದೆ. ಭಾನುವಾರ ಬೆಳಿಗ್ಗೆ, ಕಿಟಕಿಯ ಪಕ್ಕ ಇಬ್ಬರೂ ಕುಳಿತಿದ್ದಾಗ. ನಿನ್ನ ಪತ್ರಗಳನ್ನೆಲ್ಲ ಮೊದಲಿನಿಂದ ಓದಿಹೇಳಿದೆ, ನನ್ನವುಗಳಲ್ಲಿ ನಾನು ಬರೆದದ್ದನ್ನೂ ನೆನಪಿದ್ದಷ್ಟು ಹೇಳಿದೆ. ಚುಕ್ಕಾಣಿ ಇವರ ಪಾದದ ಮೇಲೆ ಗದ್ದವಿಟ್ಟು ಮಲಗಿದ್ದ. ಇವರು ಒಂದೇ ಒಂದು ಸಲ ನಕ್ಕರು. ಹೊಟ್ಟು ಪಾಸಾಗುತ್ತಾನೆಯೇ ಎಂಬಲ್ಲಿ.

ಆಮೇಲೆ ಹೇಳಿದರು: "ನವೆಂಬರ್‌ನಿಂದ ಗೊತ್ತು ಕಣೆ ನನಗೆ."

ಕಣ್ಣಿಗೆ ಕಾಣುವುದಕ್ಕೆ ಮುಂಚೆ ಅದು ಕೈಗೆ ತಿಳಿಯಿತಂತೆ. ಬೆಳಕಿರುವಾಗ ಎದೆಪಟ್ಟಿಯ ಹಿಡಿ ಮುಂದಕ್ಕೆ ಎಳೆಯುತ್ತದೆ. ಸಂಜೆಯಾದರೆ ಸಡಿಲವಾಗುತ್ತದೆ, ಚುಕ್ಕಾಣಿಯ ಭುಜ ಇವರ ಮೊಣಕಾಲಿಗೆ ಒತ್ತಿಕೊಳ್ಳುತ್ತದೆ. "ಅವನು ನನ್ನ ಕರ್ಕೊಂಡು ಹೋಗ್ತಾ ಇರ್ಲಿಲ್ಲ, ನನ್ನ ಹಿಡ್ಕೊಂಡಿದ್ದ" ಎಂದರು. ಕೆಲಸ ಕಡಿಮೆಯಾಗಿ ಬೇಗ ಬರುತ್ತಿದ್ದುದಲ್ಲ, ಬೆಳಕಿರುವಾಗಲೇ ಮನೆ ಸೇರಬೇಕೆಂದು ಮ್ಯಾನೇಜರರನ್ನು ಕೇಳಿ ಪಾಳಿ ಬದಲಿಸಿಕೊಂಡದ್ದು. ಫೆಬ್ರವರಿಯಲ್ಲಿ ಕಾರ್ಖಾನೆಯಿಂದಲೇ ತರಬೇತಿ ಶಾಲೆಗೆ ಫೋನು ಮಾಡಿದ್ದಾರೆ. ಸೇವೆಯಿಂದ ಹಿಂಪಡೆಯುವುದೆಂದರೆ ಎದೆಪಟ್ಟಿಯನ್ನು ಹಿಂಪಡೆಯುವುದಂತೆ; ನಾಯಿಯನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಹುದು. ಮೊದಲ ನಾಯಿಯನ್ನು ಇಟ್ಟುಕೊಳ್ಳುತ್ತೀರಾ ಎಂದು ಆಗಲೂ ಕೇಳಿದ್ದರಂತೆ. ಚಿಕಿತ್ಸೆ ಅಲ್ಲಿಯೇ ಚೆನ್ನಾಗಿ ಆಗಲೆಂದು ಇವರೇ ಬೇಡವೆಂದರಂತೆ. ಆ ಎಂಟು ತಿಂಗಳು ಕುರ್ಚಿಯಲ್ಲಿ ಕುಳಿತದ್ದು ಆ ಕೊರಗಿನಲ್ಲಿ ಎಂದು ನನಗೆ ಇವತ್ತಿನವರೆಗೆ ತಿಳಿದಿರಲಿಲ್ಲ.

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ನೀನು ಆ ಕುರ್ಚೀನ ನೋಡ್ತೀಯ ಅಂತ ಹೆದರಿಕೆ."

"ನಾನು ಹಿಂದೆ ಬರ್ತಿದ್ದಿದ್ದು?"

"ಹತ್ತು ಹೆಜ್ಜೆ ಹಿಂದೆ. ನಿನ್ನ ಎಡಗಾಲಿನ ಚಪ್ಪಲಿ ಸವೆದಿದೆ, ಬದಲಾಯ್ಸು.  ಗೇಟ್ ಹತ್ರ ಅವತ್ತು ನೀನು ಉಸಿರೇ ಬಿಡ್ಲಿಲ್ಲ. ನಾನು ಎಣಿಸ್ತಾ ನಿಂತಿದ್ದೆ, ಯಾವಾಗ ಬಿಡ್ತಾಳೆ ಅಂತ. ನಿಮ್ಮಕ್ಕ ಹೆಡ್‌ಮಿಸ್ಸಿಗೆ ಬರೆ, ಕಾಗದ ಓದುವಾಗ ಉಸಿರು ಹಿಡಿಯೋ ಹೆಂಗಸರ ಗುಟ್ಟು ಕುರುಡರಿಗೂ ಗೊತ್ತಾಗುತ್ತೆ ಅಂತ."

ಹೊಸ ನಾಯಿ ಸಿಗಲು ಕಡಿಮೆಯೆಂದರೂ ಹತ್ತು ತಿಂಗಳು ಬೇಕಂತೆ. ನಿನ್ನೆ ಸಂಜೆ ಬಾಗಿಲ ಹಿಂದಿನ ಬಿಳಿ ಕೋಲನ್ನು ತಾವೇ ತೆಗೆದು, ಜೇಡರ ಬಲೆ ಒರೆಸಿದರು. ಎದೆಪಟ್ಟಿಯನ್ನು ಮೊಳೆಗೆ ತೂಗುಹಾಕಿ, ಚುಕ್ಕಾಣಿಗೆ ಬರಿಯ ಹಗ್ಗ ಕಟ್ಟಿದರು. ಕತ್ತಲಾಗಿತ್ತು. ಮೆಟ್ಟಿಲ ತುದಿಯಲ್ಲಿ ಅವನು ನಿಂತ. ನಾನು ದೀಪದ ಗುಂಡಿಗೆ ಕೈಹಾಕಿದೆ. "ಬೇಡ" ಎಂದರು. ಕೋಲಿನಿಂದ ಮೊದಲ ಮೆಟ್ಟಿಲನ್ನು ಎರಡು ಸಲ ತಟ್ಟಿ ಕಿವಿಗೊಟ್ಟರು, ತಟ್ಟೆಗೆ ಕಿವಿಗೊಡುವಂತೆ. ಆಮೇಲೆ, "ಬಾರೋ, ಮೆಟ್ಟಿಲು. ಇನ್ಮೇಲೆ ಪಾಳಿ ನಂದು" ಎಂದರು. ನಲವತ್ತೆರಡನ್ನೂ ತಟ್ಟಿ ತಟ್ಟಿ ಇಳಿದರು. ನಾನು ಮೇಲೆಯೇ ನಿಂತಿದ್ದೆ. ಮೂವತ್ತೊಂದನೆಯದರಲ್ಲಿ ಸದ್ದು ತಡೆಯಿತು. ಮತ್ತೆ ಶುರುವಾಯಿತು.

ನಾಳೆಯಿಂದ ಕೋಲು ಹಿಡಿದು ಕೆಲಸಕ್ಕೆ ಹೋಗುತ್ತಾರಂತೆ. ಗೇಟಿನವರೆಗೆ ನಾನು ಬರಬಹುದು, ಪಕ್ಕದಲ್ಲಿ, ಹಿಂದೆಯಲ್ಲ ಎಂಬ ಷರತ್ತಿನ ಮೇಲೆ. ನನಗೆ ಹೆದರಿಕೆ ಹೋಗಿಲ್ಲ, ಅಕ್ಕ.

ತಂಗಿ


ಏಪ್ರಿಲ್ ೧೭

ಪ್ರೀತಿಯ ತಂಗಿಗೆ,

ನಿನ್ನ ಪತ್ರವನ್ನು ದಳವಾಯಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಓದಿದೆ. ಅವನ ಬಟ್ಟಲನ್ನು ಅಂದಿನಿಂದ ಒಂದೇ ಜಾಗದಲ್ಲಿಡುತ್ತಿದ್ದೇನೆ, ಇಡುವ ಮುಂಚೆ ಬೆರಳಿನಿಂದ ನೆಲ ತಟ್ಟುತ್ತೇನೆ. ಮೂರನೆಯ ದಿನಕ್ಕೆ ಅವನು ಕಲಿತುಕೊಂಡ.

ಅವನ ಮಕ್ಕಳಿರುವ ಎಲ್ಲ ಮನೆಗಳಿಗೂ ಬರೆದು ತಿಳಿಸಿದ್ದೇನೆ. ಒಬ್ಬರು ಕೋಪಿಸಿಕೊಂಡರು, ಅವರ ಕೋಪ ನ್ಯಾಯವಾದದ್ದು. ವಂಶಾವಳಿ ಪುಸ್ತಕವನ್ನು ತೆರೆದು ಎರಡು ಸಾಲುಗಳಲ್ಲಿ ದಳವಾಯಿಯ ಹೆಸರನ್ನು ಹೊಡೆದು 'ಹೊಟ್ಟು, ಮರದ ಮಿಲ್ಲು' ಎಂದು ಬರೆದೆ, ಕೆಳಗೆ ನನ್ನ ಸಹಿ ಹಾಕಿದೆ. ಪುಟ ಕೊಳೆಯಾಗಿ ಕಾಣುತ್ತದೆ. ಪುಸ್ತಕವನ್ನು ಮುಂದಿನ ತಿಂಗಳು ಸಂಘಕ್ಕೆ ಒಪ್ಪಿಸುತ್ತೇನೆ. ಆ ಪುಟವನ್ನು ತೆರೆದೇ ಒಪ್ಪಿಸುತ್ತೇನೆ. ಚುಕ್ಕಾಣಿಯ ಸಾಲನ್ನು ಮುಟ್ಟಲಿಲ್ಲ.

ಮೂವತ್ತೊಂದನೆಯ ಮೆಟ್ಟಿಲಲ್ಲಿ ಏಕೆ ತಡೆಯಿತು? ಯಾರು ಎಡವಿದರು? ನಿನ್ನ ಮನೆಯವರು ಗೇಟನ್ನು ಎಷ್ಟು ಹೊತ್ತಿಗೆ ದಾಟುತ್ತಾರೆ? ಎಡವಿದರೆ ಎಡವಿದರೆಂದು ಬರೆ, ಎಷ್ಟು ಸಲವೆಂದು ಬರೆ. ದಿನಾಂಕ ಮರೆತರೂ ಚಿಂತೆಯಿಲ್ಲ. 'ಎಲ್ಲ ಸರಿ' ಎಂದು ಮಾತ್ರ ಬರೆಯಬೇಡ.

ನಿನ್ನ ಅಕ್ಕ